ಫ್ಲ್ಯಾಟ್‌ವೌಂಡ್ ತಂತಿ: ಕ್ರೋಮ್ಸಾ, ಲಾ ಬೆಲ್ಲಾನಾ, ಥೊಮಾಸ್ಟಿಕ್ಕಾ?

ತುಮಕೂರು ಥಂಪ್
ಬೇಸ್ ಗಿಟಾರ್ ನುಡಿಸೋರಿಗೆ ಒಂದು ಪ್ರಶ್ನೆ. ನಮ್ಮದು ಹಳೇ ಹಾಡುಗಳ ಆರ್ಕೆಸ್ಟ್ರಾ. ರಾಜನ್-ನಾಗೇಂದ್ರ, ಜಿ.ಕೆ. ವೆಂಕಟೇಶ್, 80ರ ದಶಕದ ಇಳಯರಾಜ, ಇಷ್ಟೇ ನಮ್ಮ ಪ್ರಪಂಚ. ಬೇಸು ಫೆಂಡರ್ ಪ್ರಿಸಿಷನ್ ಮಾದರಿದು, ಅದರಲ್ಲಿ ನಿಕ್ಕಲ್ ರೌಂಡ್‌ವೌಂಡ್ (ಮೇಲೆ ಗುಂಡು ತಂತಿ ಸುತ್ತಿದ್ದು) ತಂತಿ, ದಪ್ಪ 45-105 (ಇಂಚಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ). ಹೊಸದಾಗಿ ಹಾಕಿದಾಗ ಝಣ್ ಅನ್ನುತ್ತೆ, ಎಡಗೈ ಮೇಲೆ ಕೆಳಗೆ ಹೋದಾಗೆಲ್ಲ ಕಿರ್ ಕಿರ್ ಸದ್ದು ಸ್ಪೀಕರ್ ತನಕ ಹೋಗುತ್ತೆ. ಇಳಯರಾಜ ಹಾಡಲ್ಲಿ ಬೇಸು ಅಂದ್ರೆ ಬರೀ ತಾಳ ಹಾಕೋ ಕೆಲಸ ಅಲ್ಲ, ಅದೇ ಇನ್ನೊಂದು ರಾಗ ಎಳೀತಿರುತ್ತೆ. ಅಂಥ ಸಾಲು ದುಂಡಗೆ, ತುಂಬಿಕೊಂಡು ಕೇಳಬೇಕು ಅಂತ ಆಸೆ.

ಫ್ಲ್ಯಾಟ್ಸ್ (ಚಪ್ಪಟೆ ಪಟ್ಟಿ ಸುತ್ತಿದ ಫ್ಲ್ಯಾಟ್‌ವೌಂಡ್ ತಂತಿ) ಹಾಕು ಅಂತ ಎಲ್ರೂ ಹೇಳ್ತಾರೆ. ಯಾವುದು ಅಂತ ಕೇಳಿದ್ರೆ ಒಬ್ಬ ಡಿ'ಅಡಾರಿಯೋ ಕ್ರೋಮ್ಸ್ ಅಂತಾನೆ, ಇನ್ನೊಬ್ಬ ಲಾ ಬೆಲ್ಲಾ, ಮತ್ತೊಬ್ಬ ಥೊಮಾಸ್ಟಿಕ್. ವಿಡಿಯೋ ಬೇಕಾದಷ್ಟು ನೋಡಿದ್ದಾಯ್ತು, ಫೋನಲ್ಲಿ ಎಲ್ಲಾ ಒಂದೇ. ಸದ್ದು ಹೇಗೂ ಇರಲಿ, ಕೈಗೆ ಹೇಗನ್ಸುತ್ತೆ ಅಂತ ಯಾರೂ ಬಾಯಿಬಿಡಲ್ಲ. ಅದನ್ನ ಹೇಳಿ ಪುಣ್ಯ ಕಟ್ಕೊಳ್ಳಿ.

ಇ ತಂತಿ
ಲಾ ಬೆಲ್ಲಾ. ಮುಂದಿನ ಪ್ರಶ್ನೆ?

ಹುಬ್ಳಿ ಬೇಸು
ಟೋನ್ ನಾಬ್ ಪೂರ್ತಿ ಇಳಸ್ರಿ, ಮುಗದ ಹೋತು. ಸುಮ್ನ ರೊಕ್ಕ ಯಾಕ ಹಾಳ ಮಾಡ್ತೀರಿ? ಗಣಪತಿ ಪೆಂಡಾಲ್ ಮುಂದ ನಿಂತ ಮಂದಿಗೆ ರೌಂಡೂ ಒಂದ, ಫ್ಲ್ಯಾಟೂ ಒಂದ.

ಗ್ರೂವ್ ಗೌರಿ
ಇ ತಂತಿಯವರ ಒಂದು ಸಾಲಿನ ತೀರ್ಪು ಓದಿ ನಗು ಬಂತು. ಸರ್, ನೀವು ಕೈ ಬಗ್ಗೆ ಕೇಳಿದ್ದು ಸರಿಯಾಯ್ತು. ಈ ಮೂರೂ ನನ್ನ ಬೇಸುಗಳ ಮೇಲೆ ಇದ್ದವು, ಎರಡು ಈಗಲೂ ಇವೆ.

ಕ್ರೋಮ್ಸ್: ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಮೇಲ್ಮೈ ಕನ್ನಡಿ ಹಾಗೆ ಪಾಲಿಶ್. ಒಣ ಬೆರಳಾದ್ರೆ ಜಾರುತ್ತೆ, ಬೆವರಿದ್ರೆ ಸ್ವಲ್ಪ ಕಚ್ಕೊಳ್ಳುತ್ತೆ. 45-100 ಸೆಟ್ಟೇ ನಿಮ್ಮ 45-105 ರೌಂಡ್ಸ್‌ಗಿಂತ ಬಿಗಿ ಅನ್ಸುತ್ತೆ, ಅದರಲ್ಲೂ ಡಿ ಮತ್ತು ಎ. ಹೊಸದ್ರಲ್ಲಿ ಫ್ಲ್ಯಾಟ್ ಅಂತ ಹೇಳಿದ್ರೆ ನಂಬಲ್ಲ, ಅಷ್ಟು ಹೊಳಪು. ಬಾರಿಸ್ತಾ ಬಾರಿಸ್ತಾ ಆ ಹೊಳಪು ಕಡಿಮೆ ಆಗುತ್ತೆ.

ಲಾ ಬೆಲ್ಲಾ ಡೀಪ್ ಟಾಕಿಂಗ್ ಬೇಸ್ (760ಎಫ್‌ಎಸ್, 45-105): ತೂಕ ಗೊತ್ತಾಗುತ್ತೆ. ಗಟ್ಟಿ ತಳ, ಹೈ (ಮೇಲಿನ ಚೂಪು ಸದ್ದು) ಕಮ್ಮಿ, ಹೊಡೆದ ತಕ್ಷಣ 'ದುಮ್', ಬಾಲ ಚಿಕ್ಕದು. ಹಳೇ ಸಿನಿಮಾ ಹಾಡಿನ ಬೇಸು ಅಂತ ಜನ ಏನು ಕಲ್ಪಿಸ್ಕೋತಾರೋ ಅದಕ್ಕೆ ಹತ್ರ.

ಥೊಮಾಸ್ಟಿಕ್ ಜಾಝ್ ಫ್ಲ್ಯಾಟ್ಸ್ (ಜೆಎಫ್344): ಇದು ಬೇರೇನೇ ಲೋಕ. 43, 56, 70, 100. ಟೆನ್ಶನ್ (ತಂತಿಯ ಬಿಗಿ) ಎಷ್ಟು ಕಮ್ಮಿ ಅಂದ್ರೆ, ಕ್ರೋಮ್ಸ್ ನುಡಿಸಿದ ಕೈಯಲ್ಲಿ ಇದನ್ನ ಹೊಡೆದ್ರೆ ತಂತಿ ಫ್ರೆಟ್ಟಿಗೆ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗೆ) ಬಡೀತದೆ. ಮಿಡ್ (ನಡುವಿನ ಸದ್ದು) ಜಾಸ್ತಿ, ಸಸ್ಟೇನ್ (ಸ್ವರ ಉಳಿಯೋ ಹೊತ್ತು) ಉದ್ದ, ಹಾಡುವ ಗುಣ ಇದೆ. ಇಳಯರಾಜ ಸಾಲುಗಳಿಗೆ ನನ್ನ ಓಟು ಇದಕ್ಕೆ. ಆದ್ರೆ ಬಲಗೈ ಹಗುರ ಮಾಡ್ಕೋಬೇಕು.

ಇ ತಂತಿ
ಥೊಮಾಸ್ಟಿಕ್ ಬೆಲೆ ಹೇಳೋದು ಮರೆತ್ರಿ ಮೇಡಂ.

ಗ್ರೂವ್ ಗೌರಿ
ಮರೆತಿಲ್ಲ, ಬೇಕಂತಲೇ ಬಿಟ್ಟೆ. ಮೂರರಲ್ಲಿ ಕ್ರೋಮ್ಸ್ ಅಗ್ಗ, ಲಾ ಬೆಲ್ಲಾ ನಡುವೆ, ಥೊಮಾಸ್ಟಿಕ್ ಕೇಳಲೇಬೇಡಿ. ಆದ್ರೆ ಫ್ಲ್ಯಾಟ್ಸ್ ಅಂದ್ರೆ ವರ್ಷಗಟ್ಟಲೆ ಬರೋ ವಸ್ತು. ರೌಂಡ್ಸ್ ಸತ್ತು ಸತ್ತು ಬದಲಾಯಿಸೋ ಖರ್ಚಿನ ಜೊತೆ ಇಟ್ಟು ನೋಡಿ.

ಸೋಲ್ಡರಿಂಗ್ ಸ್ವಾಮಿ
ಹುಬ್ಳಿ ಅಣ್ಣಾವ್ರೇ, ಟೋನ್ ನಾಬ್ ಮಾತು ಅರ್ಧ ಸರಿ. ನಾಬ್ ಇಳಿಸಿದ್ರೆ ಕೆಪಾಸಿಟರ್ ಮೂಲಕ ಹೈ ಗ್ರೌಂಡಿಗೆ ಹೋಗುತ್ತೆ. ಸ್ವರ ಹುಟ್ಟಿದ ಕ್ಷಣದಿಂದ ಸಾಯೋ ತನಕ ಒಂದೇ ಸಮ ಕತ್ತರಿ. ಫ್ಲ್ಯಾಟ್ ತಂತಿ ಹಾಗಲ್ಲ. ಹೊಡೆದ ಕ್ಷಣ ಒಂಚೂರು ಹೈ ಇರುತ್ತೆ, ಅದು ಬೇಗ ಸಾಯುತ್ತೆ, ಮೂಲ ಸ್ವರ ಉಳಿಯುತ್ತೆ. ಅದಕ್ಕೇ ಫ್ಲ್ಯಾಟ್ಸಲ್ಲಿ ಹೊಡೆತ ಸ್ಪಷ್ಟ ಇದ್ದೂ ಸದ್ದು ದುಂಡಗಿರುತ್ತೆ. ನಾಬ್ ಇಳಿಸಿದ ರೌಂಡ್ಸಲ್ಲಿ ಹೊಡೆತವೂ ಮಂಕು, ಬಾಲವೂ ಮಂಕು. ಬೆರಳು ಉಜ್ಜೋ ಸದ್ದು ಕಮ್ಮಿಯಾದ್ರೂ ಬೆರಳಿಗೆ ಉಜ್ಜೋದಂತೂ ತಪ್ಪಲ್ಲ.

ಹುಬ್ಳಿ ಬೇಸು
ಸ್ವಾಮಿಗಳು ಹೇಳಿದ್ದು ಒಪ್ಪಿದೆ. ಆದ್ರ ಮಂದಿಗೆ ಕೇಳ್ತೈತೇನು? ಅದನ್ನ ಹೇಳ್ರಿ.

ಸೌಂಡ್ ಮಾಮ
ಮಿಕ್ಸರ್ ಹಿಂದೆ ಕೂರೋನು ನಾನು, ನಾನೇ ಹೇಳ್ತೀನಿ. ಕೇಳುತ್ತೆ, ಆದ್ರೆ ನೀವಂದುಕೊಂಡ ಹಾಗಲ್ಲ.

ಖಾಲಿ ಇ ತಂತಿ ಅಂದ್ರೆ 41 ಹರ್ಟ್ಝ್. ಮದುವೆ ಮಂಟಪದ ಸ್ಪೀಕರ್‌ಗಳಲ್ಲಿ ಬಹುಪಾಲು ಅಷ್ಟು ಕೆಳಗೆ ಇಳಿಯೋದೇ ಇಲ್ಲ. ಜನಕ್ಕೆ ಕೇಳೋದು ಅದರ ಮೇಲಿನ 82, 123, ಇನ್ನೂ ಮೇಲಿನವು. ಸವೆದ ಲಾ ಬೆಲ್ಲಾ ಹಾಕಿ, ಟೋನೂ ಇಳಿಸಿ, ಆಂಪಲ್ಲಿ ಬೇಸ್ ಏರಿಸಿಕೊಂಡು ಬರ್ತಾರೆ ಕೆಲವರು. ವೇದಿಕೆ ಮೇಲೆ ನಿಂತವರಿಗೆ ಸ್ವರ್ಗ, ಮೂರನೇ ಸಾಲಿನಿಂದಾಚೆ ಬರೀ ಗುಂಯ್. ಕಿಕ್ ಡ್ರಮ್ ಯಾವುದು, ಬೇಸ್ ಯಾವುದು ಗೊತ್ತಾಗಲ್ಲ. ಆಮೇಲೆ 'ಮಾಮ, ಬೇಸು ಕೇಳ್ತಿಲ್ಲ' ಅಂತ ನನ್ನ ಮೇಲೆ ಸಿಟ್ಟು.

ಫ್ಲ್ಯಾಟ್ಸ್ ಹಾಕಿದ್ರೆ ಟೋನ್ ಪೂರ್ತಿ ತೆರೆದಿಡಿ. ಆಂಪಲ್ಲಿ ಬೇಸ್ ಮುಟ್ಟಬೇಡಿ, 700-800 ಹರ್ಟ್ಝ್ ಸುತ್ತ ಒಂಚೂರು ಎತ್ತಿ. ಎದೆಯಲ್ಲಿ ಕೂರುತ್ತೆ, ಸಾಲೂ ಕೇಳುತ್ತೆ.

ಮೇಡನ್ ಭಕ್ತ
ಫ್ಲ್ಯಾಟ್ಸ್ ಅಂದ್ರೆ ಬರೀ ಹಳೇ ಹಾಡಿನ ಮಂಕು ಸದ್ದು ಅನ್ನೋರಿಗೆ ಒಂದೇ ಹೆಸರು: ಸ್ಟೀವ್ ಹ್ಯಾರಿಸ್. ಮೆಟಲ್ ತಂಡ ಐರನ್ ಮೇಡನ್‌ನ ಆ ಕುದುರೆ ಓಟದ ಬೇಸು ಪೂರ್ತಿ ಫ್ಲ್ಯಾಟ್ಸ್. ತಂತಿ ಕಂಪನಿ ರೋಟೋಸೌಂಡ್‌ನವರು ಅವರ ಹೆಸರಲ್ಲೇ ಸೆಟ್ ಮಾರ್ತಾರೆ, ಎಸ್‌ಎಚ್77, 50ರಿಂದ 110. 2007ರಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಕೇಳಿದವರಿಗೆ ನೆನಪಿರಬೇಕು. ಎರಡು ಬೆರಳಲ್ಲಿ ಅಷ್ಟು ವೇಗ, ತಂತಿ ಫ್ರೆಟ್ಟಿಗೆ ಬಡಿಯೋ ಕಟಕಟ ಸದ್ದು ಗಿಟಾರ್‌ಗಳ ನಡುವೆ ಬೇರೆಯಾಗಿ ಕೇಳ್ತಿತ್ತು. ಮಂಕಂತೆ ಮಂಕು.

ಇ ತಂತಿ
ಅವರು ಪ್ರತಿ ಶೋಗೂ ಹೊಸ ಸೆಟ್ ಹಾಕಿಸ್ತಾರೆ ಸ್ವಾಮಿ. ಹೊಸ ಫ್ಲ್ಯಾಟ್ಸ್ ಹೊಳೀದೆ ಇನ್ನೇನು. ಲೆಕ್ಕಕ್ಕಿಲ್ಲ.

ಮೇಡನ್ ಭಕ್ತ
ಲೆಕ್ಕಕ್ಕಿಲ್ಲ ಅಂದ್ರೆ? ಅದೇ ನಾನು ಹೇಳ್ತಿರೋದು. ಹೊಸದು, ದಪ್ಪದು, ಜೋರಾಗಿ ಹೊಡೆದ್ರೆ ಫ್ಲ್ಯಾಟ್ಸೂ ಗುರ್ ಅನ್ನುತ್ತೆ. ಹಳೇದು, ಮೆಲ್ಲಗೆ ಹೊಡೆದ್ರೆ ದುಮ್ ಅನ್ನುತ್ತೆ. ತಂತಿಗಿಂತ ಕೈ ದೊಡ್ಡದು.

ಡೆಟ್ರಾಯಿಟ್ ಕನ್ನಡಿಗ
ಈ ವಿಷಯ ಬಂದ ಮೇಲೆ ನಮ್ಮೂರಿನವರನ್ನ ಬಿಡೋಕಾಗುತ್ತಾ? ಜೇಮ್ಸ್ ಜೇಮರ್ಸನ್, ಮೋಟೌನ್ ರೆಕಾರ್ಡ್ ಕಂಪನಿಯ ಬೇಸಿಸ್ಟ್. ಮೋಟೌನ್‌ನ ಮನೆ ಇಲ್ಲೇ ವೆಸ್ಟ್ ಗ್ರ್ಯಾಂಡ್ ಬೂಲೆವಾರ್ಡ್‌ನಲ್ಲಿದೆ, ಈಗ ಮ್ಯೂಸಿಯಂ. ಸ್ಟುಡಿಯೋ ಎ ಅಂದ್ರೆ ಏನೋ ದೊಡ್ಡದು ಅಂದ್ಕೊಂಡು ಹೋಗ್ತಾರೆ, ಒಳಗೆ ಕಾಲಿಟ್ರೆ ನಮ್ಮ ಕಡೆ ಮನೆಯ ನಡುಮನೆಯಷ್ಟು ಜಾಗ. ಅಲ್ಲೇ ಕೂತು ಅಷ್ಟೆಲ್ಲ ಹಾಡು ಬಾರಿಸಿದ್ರು.

ಅವರದು 1962ರ ಪ್ರಿಸಿಷನ್, ಅದಕ್ಕೆ ಲಾ ಬೆಲ್ಲಾ ಫ್ಲ್ಯಾಟ್ಸ್, 52ರಿಂದ 110. ತಂತಿ ಎತ್ತರ ಬೇರೆ. ನಮ್ಮಂಥವರು ಹತ್ತು ನಿಮಿಷ ನುಡಿಸಿದ್ರೆ ಕೈ ಹಿಡ್ಕೊಂಡು ಕೂರ್ತೀವಿ. ಬ್ರಿಡ್ಜ್ ಮುಚ್ಚಳದ ಕೆಳಗೆ ಫೋಮ್, ಬಲಗೈಲಿ ತೋರುಬೆರಳು ಒಂದೇ. ತಂತಿ ಮುರಿದರೆ ಮಾತ್ರ ಬದಲಾವಣೆ. ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದು: ಮೋಟೌನ್‌ನಲ್ಲಿ ಬೇಸನ್ನ ಹೆಚ್ಚಾಗಿ ಆಂಪ್ ಇಲ್ಲದೆ ನೇರ ಮಿಕ್ಸರ್‌ಗೇ ಹಾಕ್ತಿದ್ರು. ಆ ಬೇಸು 1983ರಲ್ಲಿ ಅವರು ತೀರಿಕೊಳ್ಳೋಕೆ ಸ್ವಲ್ಪ ಮುಂಚೆ ಕಳವಾಯ್ತು.

ಹೊಸಬ
ಜಾಝ್ ಬೇಸಿಸ್ಟ್ ಜಾಕೋ ಪಾಸ್ಟೋರಿಯಸ್ ಕೂಡ ಫ್ಲ್ಯಾಟ್ಸ್ ಅಲ್ವಾ? ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ ಬೇಸು) ಅಂದ್ಮೇಲೆ ಫ್ಲ್ಯಾಟ್ಸೇ ಇರಬೇಕು.

ಕರಾವಳಿ ಫ್ರೆಟ್‌ಲೆಸ್
ಅಲ್ಲ ಮಾರಾಯ್ರೆ! ಜಾಕೋ ಹಾಕ್ತಿದ್ದದ್ದು ರೋಟೋಸೌಂಡ್ ರೌಂಡ್‌ವೌಂಡ್. ಅದು ಮರವನ್ನು ಕೆರೆದು ಹಾಳು ಮಾಡ್ತದೆ ಅಂತಲೇ ಬೋರ್ಡಿನ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಹಾಕಿದ್ದು. ಆ 'ಮ್ವಾ' ಅಂತ ಹಾಡುವಂಥ ಸದ್ದು ರೌಂಡ್ಸ್ ಮತ್ತು ಎಪಾಕ್ಸಿ ಎರಡೂ ಸೇರಿ ಬಂದದ್ದು.

ನನ್ನ ಫ್ರೆಟ್‌ಲೆಸ್ಸಿಗೆ ಕ್ರೋಮ್ಸ್. ಇಲ್ಲಿ ಉಡುಪಿ ಸೆಕೆಗೆ ರೌಂಡ್ಸ್ ಹಾಕಿದರೆ ಸುತ್ತಿನ ಸಂದಿಯಲ್ಲಿ ಬೆವರು, ಕೊಳೆ ಎಲ್ಲ ಸೇರಿ ಬೇಗ ಸಾಯ್ತದೆ. ಫ್ಲ್ಯಾಟ್ಸಿನಲ್ಲಿ ಸಂದಿಯೇ ಇಲ್ಲ, ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಮತ್ತೆ ಕರ್ನಾಟಕ ಸಂಗೀತ ನುಡಿಸುವವರಿಗೆ ಒಂದು ಮಾತು: ಜಾರು ಹಿಡಿಯುವಾಗ ಸ್ವರ ಮಾತ್ರ ಕೇಳಬೇಕು, ತಂತಿ ಕೆರೆಯುವ ಸದ್ದು ಕೇಳಬಾರದು. ತೋಡಿ ಗಾಂಧಾರವನ್ನು ರೌಂಡ್ಸಿನಲ್ಲಿ ಎಳೆದು ನೋಡಿ, ನಿಮಗೇ ಗೊತ್ತಾಗ್ತದೆ.

ಪಿಟೀಲು ಪುಟ್ಟ
ಮೈಸೂರಿಂದ, ಬೇಸ್ ನುಡಿಸದವನ ಎರಡು ಮಾತು. ಪಿಟೀಲಿನ ಸುತ್ತಿದ ತಂತಿಗಳೆಲ್ಲ ಸಾಮಾನ್ಯವಾಗಿ ಫ್ಲ್ಯಾಟೇ! ನೀವಿಲ್ಲಿ ಬೆಲೆ ನೋಡಿ ಹೆದರ್ತಿರೋ ವಿಯೆನ್ನಾದ ಥೊಮಾಸ್ಟಿಕ್-ಇನ್‌ಫೆಲ್ಡ್ 1919ರಿಂದ ತಂತಿ ಮಾಡ್ತಿರೋ ಕಂಪನಿ. ಅವರ ಡಾಮಿನೆಂಟ್ 1970ರಲ್ಲಿ ಬಂತು, ಇವತ್ತಿಗೂ ಪಿಟೀಲಿನವರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತೆ. ಬೇಸಿಗೂ ಅವರೇ ಮಾಡ್ತಾರೆ ಅಂತ ನಂಗೆ ಇವತ್ತೇ ಗೊತ್ತಾಗಿದ್ದು.

ಇನ್ನೊಂದು. ವೀಣೆಯವರು ಬೆರಳಿಗೆ ಕೊಬ್ಬರಿ ಎಣ್ಣೆ ಸವರ್ಕೋತಾರಲ್ಲ, ಜಾರೋಕೆ. ನೀವೂ ಮಾಡಿ, ಹೊಸ ತಂತಿ ಯಾಕೆ?

ಸೋಲ್ಡರಿಂಗ್ ಸ್ವಾಮಿ
ದಯವಿಟ್ಟು ಬೇಡ. ರೌಂಡ್ಸ್ ಸಂದಿಗೆ ಎಣ್ಣೆ ಇಳಿದ್ರೆ ಸದ್ದು ಅಲ್ಲೇ ಸತ್ತಿತು. ಆಮೇಲೆ ಬಿಚ್ಚಿ ಸ್ಪಿರಿಟಲ್ಲಿ ನೆನೆಸೋ ಕೆಲಸ.

ಇ ತಂತಿ
ಕೊಬ್ಬರಿ ಎಣ್ಣೆ ಹಾಕಿ ಒಗ್ಗರಣೆನೂ ಕೊಡಿ.

ಕರಾವಳಿ ಫ್ರೆಟ್‌ಲೆಸ್
ನಮ್ಮಲ್ಲಿ ಒಗ್ಗರಣೆಯೂ ಅದರಲ್ಲೇ. ಎಂತ ತಮಾಷೆ ನಿಮ್ಮದು.

ಗ್ರೂವ್ ಗೌರಿ
ವಿಷಯಕ್ಕೆ ಬನ್ನಿ. 'ಹಳೇ ಸದ್ದು' ಎಲ್ಲಿಂದ ಬಂತು ಅಂತ ಯೋಚಿಸಿದ್ರೆ ಅರ್ಧ ಗೊಂದಲ ಹೋಗುತ್ತೆ. ಫೆಂಡರ್ ಪ್ರಿಸಿಷನ್ ಬಂದಿದ್ದು 1951ರಲ್ಲಿ. ಆಗ ಅದಕ್ಕೆ ಫ್ಲ್ಯಾಟ್ಸೇ, ರೌಂಡ್ಸ್ ಹಾಕೋ ರೂಢಿನೇ ಇರಲಿಲ್ಲ. 60ರ ದಶಕದ ನಡುವೆ ಇಂಗ್ಲೆಂಡಲ್ಲಿ ದಿ ಹೂ ತಂಡದ ಜಾನ್ ಎಂಟ್‌ವಿಸಲ್ ರೋಟೋಸೌಂಡ್‌ನವರ ಜೊತೆ ಕೂತು ಪಿಯಾನೋ ಹೊಳಪಿನ ರೌಂಡ್‌ವೌಂಡ್ ತಂತಿ ಮಾಡಿಸಿದ್ರು, ಆಮೇಲೆ ಅದು ಎಲ್ಲಾ ಕಡೆ ಹರಡ್ತು. ಅಲ್ಲಿಯವರೆಗಿನ ರೆಕಾರ್ಡುಗಳಲ್ಲಿ ಜೇಮರ್ಸನ್, ಬೀಟಲ್ಸ್‌ನ ಮ್ಯಾಕಾರ್ಟ್ನಿ, ಅಮೆರಿಕದ ಸ್ಟುಡಿಯೋ ಬೇಸಿಸ್ಟ್ ಕ್ಯಾರಲ್ ಕೇ ಎಲ್ಲಾ ಬೇರೆ ಬೇರೆ ಥರ ಕೇಳ್ತಾರೆ, ಎಲ್ಲರದ್ದೂ ಫ್ಲ್ಯಾಟ್ಸೇ. ಅಂದ್ಮೇಲೆ 'ಫ್ಲ್ಯಾಟ್ಸ್ ಸದ್ದು' ಅಂತ ಒಂದೇ ಸದ್ದು ಎಲ್ಲಿಂದ ಬರಬೇಕು? ಫ್ಲ್ಯಾಟ್ಸಿಗೂ ಫ್ಲ್ಯಾಟ್ಸಿಗೂ ಇರೋ ಅಂತರ, ಎಷ್ಟೋ ಸಲ ಫ್ಲ್ಯಾಟ್ಸಿಗೂ ರೌಂಡ್ಸಿಗೂ ಇರೋ ಅಂತರಕ್ಕಿಂತ ದೊಡ್ಡದು.

ಹೊಸಬ
ಕ್ಯಾರಲ್ ಕೇ ಪಿಕ್ ಹಿಡಿದು ನುಡಿಸ್ತಿದ್ರಲ್ಲ. ಫ್ಲ್ಯಾಟ್ಸ್ ಮೇಲೆ ಪಿಕ್ಕಾ?

ಗ್ರೂವ್ ಗೌರಿ
ಹೌದು. ಪಿಕ್ಕು, ಫ್ಲ್ಯಾಟ್ಸು, ಬ್ರಿಡ್ಜ್ ಹತ್ರ ಒಂದು ಫೆಲ್ಟ್ ತುಂಡು. ಮೂರೂ ಸೇರಿದ್ರೆ ಟಕ್ ಅಂತ ಶುರುವಾಗಿ ತಕ್ಷಣ ನಿಲ್ಲುತ್ತೆ. ಮನೇಲಿ ಬಟ್ಟೆ ತುಂಡೋ ಪಾತ್ರೆ ತಿಕ್ಕೋ ಸ್ಪಂಜೋ ಬ್ರಿಡ್ಜ್ ಪಕ್ಕ ತಂತಿ ಕೆಳಗೆ ಸಿಕ್ಕಿಸಿ ನೋಡಿ. ಮೂರು ಕಾಸಿನ ಖರ್ಚಿಲ್ಲ. ತುಮಕೂರಿನವರು ತಂತಿ ತರಿಸೋ ಮುಂಚೆ ಮೊದಲು ಇದನ್ನೇ ಮಾಡಬೇಕು.

ಹುಬ್ಳಿ ಬೇಸು
ಈಗ ಬಂತು ನೋಡ್ರಿ ದಾರಿಗೆ. ಸ್ಪಂಜ್!

ತುಮಕೂರು ಥಂಪ್
ಸ್ಪಂಜ್ ಹಾಕಿ ನೋಡಿದೆ. ಜಿ.ಕೆ. ವೆಂಕಟೇಶ್ ಹಾಡುಗಳಿಗೆ ಅದ್ಭುತ. ಆದ್ರೆ ಎಳೆದು ನಿಲ್ಲಿಸೋ ಸ್ವರ ಎಲ್ಲಿದೆಯೋ ಅಲ್ಲಿ ಕೈ ಕೊಡುತ್ತೆ, ಸ್ವರ ಅರ್ಧದಲ್ಲೇ ಹೋಗಿಬಿಡುತ್ತೆ. ತಂತಿ ಬೇಕೇ ಬೇಕು. ಟೆನ್ಶನ್ ಜಾಸ್ತಿ ಆದ್ರೆ ನೆಕ್ ಬಗ್ಗುತ್ತಂತೆ, ಹೌದಾ? ಅಂಗಡಿಯವರೊಬ್ರು ಹೆದರಿಸಿದ್ರು.

ಸೋಲ್ಡರಿಂಗ್ ಸ್ವಾಮಿ
ಬಗ್ಗುತ್ತೆ, ಅದಕ್ಕೇ ಒಳಗೆ ಟ್ರಸ್ ರಾಡ್ ಅನ್ನೋ ಲೋಹದ ಸರಳು ಇಟ್ಟಿರೋದು. ತಂತಿ ಹಾಕಿ, ಸ್ವರಕ್ಕೆ ಏರಿಸಿ, ಒಂದು ದಿನ ಬಿಡಿ. ಆಮೇಲೆ ಮೊದಲ ಫ್ರೆಟ್ಟೂ ಕೊನೆ ಫ್ರೆಟ್ಟೂ ಒತ್ತಿ ನಡುವೆ ಎಷ್ಟು ಸಂದಿ ಇದೆ ನೋಡಿ. ಜಾಸ್ತಿ ಇದ್ರೆ ರಾಡನ್ನ ಕಾಲು ಸುತ್ತು ಬಿಗಿ ಮಾಡಿ, ಕಾಯಿರಿ, ಮತ್ತೆ ನೋಡಿ. ಒಂದೇ ಸಲ ತಿರುಗಿಸಿಬಿಡಬೇಡಿ.

ಅದಕ್ಕಿಂತ ಮುಖ್ಯವಾದ್ದು ಕತ್ತರಿಸೋದು. ಫ್ಲ್ಯಾಟ್ ತಂತಿಯನ್ನ ನೇರ ಕತ್ತರಿಸಬಾರದು. ಮೊದಲು ಪ್ಲೈಯರಲ್ಲಿ ಕತ್ತರಿಸೋ ಜಾಗದ ಹಿಂದೆ ತೊಂಬತ್ತು ಡಿಗ್ರಿ ಬಗ್ಗಿಸಿ, ಆ ಮೊಣಕೈಯಾಚೆ ಕತ್ತರಿಸಿ. ಇಲ್ಲಾಂದ್ರೆ ಸುತ್ತಿದ ಪಟ್ಟಿ ಒಳಗಿನ ಎಳೆಯಿಂದ ಸಡಿಲ ಆಗ್ತಾ ಹೋಗುತ್ತೆ, ತಂತಿ ಪೂರ್ತಿ ಸತ್ತ ಹಾಗೆ. ರಿಪೇರಿಗೆ ಬಂದ ಒಂದು ಬೇಸಲ್ಲಿ ಹೊಚ್ಚ ಹೊಸ ಲಾ ಬೆಲ್ಲಾ ಎ ತಂತಿ ಥಡ್ ಥಡ್ ಅಂತಿತ್ತು. ಹೆಡ್‌ಸ್ಟಾಕ್ ಹತ್ರ ಕಣ್ಣಿಟ್ಟು ನೋಡಿದ್ರೆ ತಂತಿ ತುದಿಗೆ ಸುತ್ತಿರೋ ರೇಷ್ಮೆ ದಾರದ ಒಳಗೆ ಪಟ್ಟಿ ಬಿಚ್ಕೊಂಡು ನಿಂತಿತ್ತು. ಯಾವನೋ ಅಂಗಡಿಯಲ್ಲಿ ನೇರ ಕಚಕ್ ಅನಿಸಿದ್ದ.

ಆ ರೇಷ್ಮೆ ದಾರ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರೋ ಪಟ್ಟಿಯ) ಸೀಳಿಗೆ ಬರದ ಹಾಗೆ ಉದ್ದ ನೋಡಿ ತರಿಸಿ. ಬಾಡಿ ಹಿಂದಿನಿಂದ ತಂತಿ ಬರೋ ಬ್ರಿಡ್ಜ್ ಇದ್ರೆ ಫ್ಲ್ಯಾಟ್ಸನ್ನ ಮೇಲಿಂದಲೇ ಹಾಕಿ. ಚೂಪಾದ ತಿರುವು ಅದಕ್ಕೆ ಆಗಿಬರಲ್ಲ, ಮುರಿಯುತ್ತೆ.

ಸೌಂಡ್ ಮಾಮ
ಸ್ವಾಮಿಗಳ ಕೊನೆ ಸಾಲಿಗೆ ನನ್ನ ಸಹಿ. ಶೋ ನಡುವೆ ಇ ತಂತಿ ಮುರಿದದ್ದು ನೋಡಿದೀನಿ.

ಇ ತಂತಿ
ನನ್ನ ಹೆಸರು ಎತ್ತಬೇಡಿ.

ಮೇಡನ್ ಭಕ್ತ
ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಬಡಿಯೋದು) ಮಾಡೋಕೆ ಆಗುತ್ತಾ ಫ್ಲ್ಯಾಟ್ಸಲ್ಲಿ? ಕ್ರೋಮ್ಸಲ್ಲಿ ನೋಡಿದೆ, ಅಷ್ಟಕ್ಕಷ್ಟೇ.

ಗ್ರೂವ್ ಗೌರಿ
ಆಗುತ್ತೆ, ಟಣ್ ಅನ್ನಲ್ಲ. ಟಣ್ ಬೇಕಿದ್ರೆ ಎರ್ನಿ ಬಾಲ್‌ನ ಕೋಬಾಲ್ಟ್ ಫ್ಲ್ಯಾಟ್ಸ್ ನೋಡಿ, ನಾನು ಕೇಳಿದ್ರಲ್ಲಿ ಹೆಚ್ಚು ಹೊಳಪಿನ ಫ್ಲ್ಯಾಟ್ಸ್ ಅವೇ. ಅಥವಾ ಹಾಫ್‌ರೌಂಡ್ಸ್: ಗುಂಡು ತಂತಿ ಸುತ್ತಿ ಆಮೇಲೆ ಮೇಲ್ಭಾಗ ಉಜ್ಜಿ ಸಮ ಮಾಡಿರ್ತಾರೆ. ನನಗಂತೂ ಅದು ಅಲ್ಲಿಗೂ ಸಲ್ಲ, ಇಲ್ಲಿಗೂ ಸಲ್ಲ.

ಕರಾವಳಿ ಫ್ರೆಟ್‌ಲೆಸ್
ಹಾಫ್‌ರೌಂಡ್ಸ್ ಬಗ್ಗೆ ಅಷ್ಟು ಕಡೆಗಣಿಸಬೇಡಿ. ಫ್ರೆಟ್‌ಲೆಸ್ಸಿಗೆ ಅದು ಒಳ್ಳೆಯ ನಡುದಾರಿ. ಮ್ವಾ ಉಂಟು, ಮರವೂ ಉಳೀತದೆ.

ತುಮಕೂರು ಥಂಪ್
ಎಲ್ರಿಗೂ ಥ್ಯಾಂಕ್ಸ್. ಬೆಂಗಳೂರಿಗೆ ಹೋದಾಗ ಗೆಳೆಯರೊಬ್ಬರ ಮನೇಲಿ ಕ್ರೋಮ್ಸ್ ಮತ್ತು ಥೊಮಾಸ್ಟಿಕ್ ಎರಡನ್ನೂ ಒಂದೇ ಮಧ್ಯಾಹ್ನ ನುಡಿಸಿದೆ. ಕ್ರೋಮ್ಸ್ ಸದ್ದು ಇಷ್ಟ ಆಯ್ತು, ಆದ್ರೆ ಎಡಗೈ ಮಣಿಕಟ್ಟು ಬೇಗ ದಣೀತು. ಅದರಲ್ಲೂ ಮೊದಲ ನಾಲ್ಕು ಫ್ರೆಟ್ಟಲ್ಲಿ, ಹಿಡಿದುಕೊಂಡೇ ಇರಬೇಕಾದ ಜಾಗದಲ್ಲಿ. ಥೊಮಾಸ್ಟಿಕ್ ಮೊದಲ ಹೊಡೆತಕ್ಕೆ ಹಗ್ಗ ಎಳೆದ ಹಾಗಿತ್ತು, ಇ ತಂತಿ ಅಲ್ಲಾಡಿ ಫ್ರೆಟ್ಟಿಗೆ ಬಡೀತು. ಅವರು ಬಲಗೈಯನ್ನ ಪಿಕಪ್‌ನಿಂದ ನೆಕ್ ಕಡೆ ಸರಿಸಿ ಮೆಲ್ಲಗೆ ಹೊಡಿ ಅಂದ್ರು. ಆಗ ಬಂತು ನೋಡಿ ಆ ಸಾಲು! ಜಿ ತಂತಿ ಮೇಲೆ ಸ್ವರ ಒಂದಕ್ಕೊಂದು ಅಂಟ್ಕೊಂಡು ಹೋಗ್ತಿತ್ತು, ಕಿರ್ ಅನ್ನೋದೇ ಇಲ್ಲ. ಆದ್ರೂ ಆ ದುಡ್ಡು ಈಗ ಆಗಲ್ಲ. ಲಾ ಬೆಲ್ಲಾದವರದ್ದೇ ಕಡಿಮೆ ಟೆನ್ಶನ್ ಫ್ಲ್ಯಾಟ್ಸ್ ಇದೆಯಂತಲ್ಲ, ಅದಕ್ಕೆ ಆರ್ಡರ್ ಹಾಕಿದೀನಿ.

ಇ ತಂತಿ
ನೋಡಿ, ಎರಡನೇ ಪೋಸ್ಟಲ್ಲೇ ಹೇಳಿದ್ದೆ. ಲಾ ಬೆಲ್ಲಾ.

ಗ್ರೂವ್ ಗೌರಿ
ನೀವು ಹೇಳಿದ್ದೇ ಬೇರೆ ಲಾ ಬೆಲ್ಲಾ! ಡೀಪ್ ಟಾಕಿಂಗಿಗೂ ಇದಕ್ಕೂ ಕೈಯಲ್ಲಿ ಅಜಗಜಾಂತರ.

ಐದು ತಂತಿ
ತಡವಾಗಿ ಬಂದೆ. ಐದು ತಂತಿ ಬೇಸಿಗೆ ಫ್ಲ್ಯಾಟ್ಸ್ ಹಾಕಿದವರು ಇದ್ದಾರಾ? ಕೆಳಗಿನ ಬಿ ತಂತಿ ಹೇಗೆ?

ಗ್ರೂವ್ ಗೌರಿ
ಅದೇ ಕಷ್ಟದ್ದು. ತಂತಿ ದಪ್ಪ ಆದಷ್ಟೂ ಪೆಡಸು ಜಾಸ್ತಿ, ಮೇಲಿನ ಹಾರ್ಮೋನಿಕ್‌ಗಳು (ಮೂಲ ಸ್ವರದ ಜೊತೆ ಹುಟ್ಟೋ ಮೇಲಿನ ಸ್ವರಗಳು) ಲೆಕ್ಕ ತಪ್ಪುತ್ತವೆ, ಸ್ವರ ಯಾವುದು ಅಂತ ಕಿವಿಗೆ ಸಿಗಲ್ಲ. ಕ್ರೋಮ್ಸ್ ಐದರ ಸೆಟ್ಟಲ್ಲಿ ಬಿ 132, ಥೊಮಾಸ್ಟಿಕ್ಕಲ್ಲಿ 136. ಕ್ರೋಮ್ಸ್ ಬಿ ಗಟ್ಟಿ, ಸ್ಪಷ್ಟ. ಥೊಮಾಸ್ಟಿಕ್ ಬಿ ನನಗೆ ತೇಲಿದ ಹಾಗನ್ಸುತ್ತೆ. 35 ಇಂಚು ಸ್ಕೇಲ್ (ನಟ್‌ನಿಂದ ಬ್ರಿಡ್ಜ್ ತನಕದ ಉದ್ದ) ಇದ್ರೆ ಮಾತು ಬೇರೆ, ಆದ್ರೆ ತಂತಿ ಉದ್ದ ಸಾಕಾಗುತ್ತಾ ಅಂತ ಮೊದಲೇ ನೋಡ್ಕೊಳ್ಳಿ.

ಐದು ತಂತಿ
34 ಇಂಚು. ಬಿ ಮಾತ್ರ ರೌಂಡ್, ಉಳಿದ ನಾಲ್ಕು ಫ್ಲ್ಯಾಟ್ ಹಾಕಿದ್ರೆ?

ಕರಾವಳಿ ಫ್ರೆಟ್‌ಲೆಸ್
ಬೇಡ. ಬಿಯಿಂದ ಇಗೆ ದಾಟುವಾಗ ಬೇರೆ ವಾದ್ಯಕ್ಕೆ ಹೋದ ಹಾಗೆ ಕೇಳ್ತದೆ.

ಸೋಲ್ಡರಿಂಗ್ ಸ್ವಾಮಿ
ಈಗಿರೋ ಬಿ ಎಷ್ಟು ದಪ್ಪ? 125 ಆಗಿದ್ರೆ 132 ನಟ್ ಸೀಳಲ್ಲಿ ಸಿಕ್ಕಿಕೊಳ್ಳಬಹುದು, ಫೈಲ್ ಹಿಡಿಬೇಕಾಗುತ್ತೆ. ಅಳತೆ ಹಾಕಿ, ನೋಡೋಣ.